ಹೇಳದೆ ಕೇಳದೆ ಬದಲಾದ ಎಂಜಿನ್

ಎದುರಿಗೆ ಬಸ್ಸು. ಎಡಕ್ಕೆ ತೆಂಗಿನಕಾಯಿ ಲಾರಿ. ಎರಡರ ನಡುವೆ ಕಾರಿನಲ್ಲಿ ನಾನು ಮತ್ತು ನಮ್ಮಕ್ಕ. ಲಾರಿಯನ್ನು ಹಿಂದೆ ಹಾಕೋಣ ಅಂತ ಆಕ್ಸಿಲರೇಟರ್ ತುಳಿದೆ. ಕಾರು ಮುಂದಕ್ಕೆ ನೆಗೆಯಬೇಕಿತ್ತು. ನೆಗೆಯಲಿಲ್ಲ. ಯೋಚನೆ ಮಾಡತೊಡಗಿತು.

ಹೌದು, ಯೋಚನೆ! ಗುಬ್ಬಿಯಿಂದ ತುಮಕೂರಿಗೆ ಬರುವ ರಸ್ತೆಯಲ್ಲಿ, ಎದುರಿನ ಡ್ರೈವರ್‌ನ ಮೀಸೆ ಕಾಣಿಸುವಷ್ಟು ಹತ್ತಿರ ಬಂದಾಗ, ಹೋಗಲೋ ಬೇಡವೋ ಅಂತ ನನ್ನ ಕಾರು ಯೋಚಿಸುತ್ತಿತ್ತು. ಬ್ರೇಕ್ ಒತ್ತಿ ಹೇಗೋ ಲಾರಿಯ ಹಿಂದಕ್ಕೆ ನುಸುಳಿಕೊಂಡೆ. ಬಸ್ಸಿನವನು ಹಾರ್ನ್ ಹೊಡೆಯುತ್ತಾ ದಾಟಿಹೋದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ನಮ್ಮ ವಂಶದ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆದರೆ ಸಂಪಾದಕರು ನನ್ನ ಅಂಕಣ ನಿಲ್ಲಿಸುತ್ತಾರೆ.

ಬಸ್ಸು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ತಮಾಷೆ ಮಾಡಕ್ಕೆ ಬೇರೆ ಜಾಗ ಸಿಗ್ಲಿಲ್ವೇನ್ಲಾ ನಿಂಗೆ?"

"ನಾನೇನೂ ಮಾಡ್ಲಿಲ್ಲ ಕಣಕ್ಕಾ. ಗಾಡಿನೇ ಹೋಗ್ಲಿಲ್ಲ."

"ಬುಡ್ಲಾ, ಬುಡು. ನಿನ್ನ ಬುದ್ಧಿ ನಂಗೊತ್ತಿಲ್ವಾ?"

ಅವಳದ್ದೇನೂ ತಪ್ಪಿಲ್ಲ. ಬೀಗರ ಕಾರು ರಿವರ್ಸ್ ಗೇರಿಗೆ ಬಿದ್ದಾಗಲೆಲ್ಲ ಮೇಕೆಯ ಹಾಗೆ ಕೂಗುವಂತೆ ಮಾಡಿಸಿದವನು ನಾನು. (ಇಡೀ ತುಮಕೂರು ಜಿಲ್ಲೆಯಲ್ಲಿ ಅಂಥ ಐಡಿಯಾ ಇನ್ಯಾರಿಗೂ ಹೊಳೆದಿಲ್ಲ, ಹೊಳೆಯುವುದೂ ಇಲ್ಲ.) ಪೆಟ್ರೋಲ್ ಖಾಲಿಯಾಯಿತು ಅಂತ ನಾಟಕವಾಡಿ ಭಾವನ ಕೈಲಿ ಗಾಡಿ ತಳ್ಳಿಸಿದವನೂ ನಾನೇ. ಆದರೆ ಆವತ್ತು ನಾನು ಯಾವ ಆಟವನ್ನೂ ಹೂಡಿರಲಿಲ್ಲ.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ. ಬಟವಾಡಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ನಾನು ಗುಬ್ಬಿಗೆ ಹೋಗಿ, ಅವಳನ್ನು ಕರೆತಂದು, ಸಂಜೆ ವಾಪಸ್ ಬಿಡುತ್ತೇನೆ. ಡಯಾಲಿಸಿಸ್ ಮುಗಿದ ಮೇಲೆ ಅವಳಿಗೆ ನಿಲ್ಲುವ ಶಕ್ತಿ ಇರುವುದಿಲ್ಲ. ಬಸ್ಸಿನ ಮಾತೇ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಕಾರು ಅಂದರೆ ಶೋಕಿಯಲ್ಲ ಸ್ವಾಮಿ, ಅಕ್ಕನ ಉಸಿರು.

ಹಿಂದಿನ ವಾರವಷ್ಟೇ ಸರ್ವಿಸ್ ಮಾಡಿಸಿದ್ದೆ. ಆಯಿಲ್ ಬದಲಾಯಿಸಿ ಅಂತ ಕೊಟ್ಟಿದ್ದೆ, ಅಷ್ಟೇ. ಅಕ್ಕನನ್ನು ಆಸ್ಪತ್ರೆಯಲ್ಲಿ ಮಲಗಿಸಿ ನೆಟ್ಟಗೆ ಸರ್ವಿಸ್ ಸೆಂಟರ್‌ಗೆ ಹೋದೆ. ಗಾಡಿ ಎಳೆಯುತ್ತಿಲ್ಲ ಅಂದದ್ದಕ್ಕೆ ಅಲ್ಲಿನ ಅಡ್ವೈಸರ್ ಹೆಣ್ಣುಮಗಳು ಕಂಪ್ಯೂಟರ್ ನೋಡಿ ನಕ್ಕಳು.

"ಅದು ಎಂಜಿನ್ ಸಾಫ್ಟ್‌ವೇರ್ ಅಪ್‌ಡೇಟ್ ಸರ್. ಕಂಪನಿಯಿಂದ ಬಂದಿರುತ್ತೆ, ನಾವು ಹಾಕಿರ್ತೀವಿ."

"ನನ್ನ ಕೇಳಿದ್ರೇನಮ್ಮಾ?"

"ಕೇಳೋದೇನ್ ಸರ್? ಫ್ರೀ!"

"ಸರಿ, ಹಳೇದನ್ನೇ ವಾಪಸ್ ಹಾಕ್ಕೊಡಿ."

"ಹಳೇದು ಇರಲ್ಲ ಸರ್."

"ಎಲ್ಲಿಗೋಯ್ತು?"

"ಹೋಯ್ತು ಸರ್."

ಗುಂಡಿ ಹೊಲಿಸಲು ಪ್ಯಾಂಟ್ ಕೊಟ್ಟರೆ ಟೈಲರ್ ಎರಡೂ ಕಾಲನ್ನು ಮೊಳಕಾಲವರೆಗೆ ಕತ್ತರಿಸಿ, 'ಗಾಳಿ ಆಡುತ್ತೆ, ಫ್ರೀಯಾಗಿ ಮಾಡಿದೀನಿ' ಅಂದರೆ ಸುಮ್ಮನಿರುತ್ತೀರಾ? ಕೈಯಲ್ಲಿರುವ ಮೊಬೈಲೇ 'ಈಗ ಅಪ್‌ಡೇಟ್ ಮಾಡಲೋ, ಆಮೇಲೋ' ಅಂತ ಮರ್ಯಾದೆಯಾಗಿ ಕೇಳುತ್ತೆ. ಮನುಷ್ಯರನ್ನು ಕೂರಿಸಿಕೊಂಡು ಓಡುವ ಕಾರಿಗೆ ಆ ಮರ್ಯಾದೆ ಬೇಡವೇ? ಈ ಅಪ್‌ಡೇಟ್ ಹೊಗೆ ಕಮ್ಮಿ ಮಾಡೋಕೆ ಅಂತ ಕಂಪನಿಯವರು ಅನ್ನುತ್ತಾರೆ. ಮಾಡಿ, ಸಂತೋಷ. ಆದರೆ ಹೇಳಿ ಮಾಡಿ. ಓವರ್‌ಟೇಕ್ ಮಾಡಬೇಡಪ್ಪಾ, ಕಾರು ಮೊದಲಿನಂತೆ ಎಳೆಯಲ್ಲ ಅಂತ ಒಂದು ಮಾತು ಹೇಳಿದ್ದರೆ ಆವತ್ತು ನಾನು ಆ ಲಾರಿಯ ಪಕ್ಕಕ್ಕೆ ಹೋಗುತ್ತಲೇ ಇರಲಿಲ್ಲ.

ಮ್ಯಾನೇಜರ್ ಬಂದರು. ರಿಂಗ್ ರೋಡಿನಲ್ಲಿ ಒಂದು ರೌಂಡ್ ಓಡಿಸಿ, "ನಾರ್ಮಲ್ ಇದೆ ಸರ್" ಅಂದರು. ಆಮೇಲೆ ನನ್ನ ಬಿಳಿ ಕೂದಲು ನೋಡಿ, "ವಯಸ್ಸಾದ್ಮೇಲೆ ರಿಯಾಕ್ಷನ್ ಸ್ವಲ್ಪ ಸ್ಲೋ ಆಗುತ್ತೆ ಅಲ್ವಾ ಸರ್" ಅಂತಲೂ ಸೇರಿಸಿದರು.

ನನಗೆ! ಬೀಗರ ಕಾರಿನಲ್ಲಿ ಮೇಕೆ ಕೂಗಿಸಿದ ನನಗೆ!

ಕೋಪ ಬಂತು ನಿಜ. ಅದರ ಹಿಂದೆಯೇ ಹೆದರಿಕೆಯೂ ಬಂತು. ಅವರು ಹೇಳಿದ್ದೇ ನಿಜವಾಗಿದ್ದರೆ? ಕಾರಲ್ಲ, ನನ್ನ ಕಾಲೇ ಯೋಚನೆ ಮಾಡಿದ್ದರೆ? ಕಾಫಿ ಅಂಗಡಿಯಲ್ಲಿ ವಿಷಯ ತೆಗೆದರೆ ಅದೇ ಕಾರಿಟ್ಟುಕೊಂಡ ಇನ್ನೊಬ್ಬರು ಮೆಲ್ಲಗೆ ಹೇಳಿದರು: "ನಂದೂ ಸರ್ವಿಸ್ ಆದ್ಮೇಲೆ ಹಂಗೇ ಆಗದೆ ಸಾರ್. ನಂಗೇ ವಯಸ್ಸಾಯ್ತು ಅನ್ಕಂಡು ಮನೇಲಿ ಹೇಳ್ಲೇ ಇಲ್ಲ." ನೋಡಿ, ಎಂಥ ಜಾಣತನ! ಎಂಜಿನ್ ಸುಸ್ತಾದರೆ ಮಾಲೀಕ ತನ್ನನ್ನೇ ಅನುಮಾನಿಸುತ್ತಾನೆ.

ಆಗ ನೆನಪಾದವರು ಕುಣಿಗಲ್‌ನ ನಜೀರ್ ಸಾಹೇಬರು. ಹಾರ್ಡ್‌ವೇರ್ ಅಂಗಡಿಯವರು, ನನ್ನ ಹಳೇ ದೋಸ್ತ್. ನಾವಿಬ್ಬರೂ ಒಂದೇ ದಿನ, ಒಂದೇ ಷೋರೂಮಿನಲ್ಲಿ, ಒಂದೇ ಮಾಡೆಲ್ ಕಾರು ತಗೊಂಡವರು. ಅವರ ಕಾರು ಈ ಸಲದ ಸರ್ವಿಸ್‌ಗೆ ಇನ್ನೂ ಹೋಗಿರಲಿಲ್ಲ. ಇಬ್ಬರೂ ದೇವರಾಯನದುರ್ಗದ ಬುಡದಿಂದ ಒಟ್ಟಿಗೆ ಹೊರಟೆವು. ತಿರುವುಗಳಲ್ಲಿ ನನ್ನ ಕಾರು ಏದುಸಿರು ಬಿಟ್ಟುಕೊಂಡು ಮೇಲೆ ತಲುಪುವಷ್ಟರಲ್ಲಿ ಸಾಹೇಬರು ಟೀ ಕುಡಿಯುತ್ತಾ, ಬಿಸ್ಕೆಟ್ ಪೊಟ್ಟಣವನ್ನು ಕೋತಿಗಳಿಂದ ಕಾಪಾಡಿಕೊಳ್ಳುತ್ತಾ ನಿಂತಿದ್ದರು.

"ಏನಣ್ಣಾ, ನಡ್ಕೊಂಡ್ ಬಂದ್ರಾ?"

ಕೆಳಗಿಳಿದು ಕಾರು ಅದಲುಬದಲು ಮಾಡಿಕೊಂಡೆವು. ಈ ಸಲ ಮೇಲೆ ಟೀ ಕುಡಿಯುತ್ತಾ ನಿಂತವನು ನಾನು! ಕಾಲು ಸರಿಯಾಗಿದೆ, ಕಾರೇ ಸರಿಯಿಲ್ಲ. ಆ ಸಂತೋಷಕ್ಕೆ ಕೋತಿಗೂ ಎರಡು ಬಿಸ್ಕೆಟ್ ಕೊಟ್ಟೆ.

ಮ್ಯಾನೇಜರ್‌ಗೆ ಫೋನ್ ಮಾಡಿ ಸವಾಲು ಹಾಕಿದೆ. ಅವರು ಒಪ್ಪಿದರು. ಬೆಂಗಳೂರಿನಿಂದ ಕಂಪನಿ ಎಂಜಿನಿಯರ್ ಬರುತ್ತಾರೆ, ಎರಡೂ ಕಾರು ತನ್ನಿ, ವ್ಯತ್ಯಾಸ ಕಂಡರೆ ಮೇಲಕ್ಕೆ ಬರೆಯುತ್ತೇವೆ ಅಂದರು. ಹೋದೆವು. ಗೇಟಿನಲ್ಲಿ ಸೆಕ್ಯೂರಿಟಿಯವನು ಎಂದಿನಂತೆ ಕೈಚಾಚಿದ. ನಾವೂ ಎಂದಿನಂತೆ ಕೀ ಕೊಟ್ಟೆವು. ಸರ್ವಿಸ್ ಸೆಂಟರ್ ಗೇಟಿನಲ್ಲಿ ಕೀ ಕೊಡದೆ ಒಳಗೆ ಹೋದವರು ಯಾರಾದರೂ ಇದ್ದಾರಾ, ನೀವೇ ಹೇಳಿ?

ಎಂಜಿನಿಯರ್ ಬರುವುದು ತಡವಾಯಿತು. ಎಸಿ ರೂಮು, ಮೆತ್ತನೆ ಸೋಫಾ. ನಜೀರ್ ಸಾಹೇಬರು ಸಣ್ಣಗೆ ಗೊರಕೆ ಹೊಡೆದರು. ಕೊನೆಗೆ ಅದೇ ಅಡ್ವೈಸರ್ ಹೆಣ್ಣುಮಗಳು ಮುಖ ಅರಳಿಸಿಕೊಂಡು ಬಂದಳು.

"ಸರ್, ನಿಮ್ ಗಾಡಿ ವಾಟರ್ ವಾಶ್ ಆಗಿದೆ. ಅಪ್‌ಡೇಟೂ ಪೆಂಡಿಂಗ್ ಇತ್ತು, ಹೆಂಗೂ ಕಾಯ್ತಿದೀರಲ್ಲಾ ಅಂತ ಅದನ್ನೂ ಹಾಕ್ಬಿಟ್ವಿ."

ಸಾಹೇಬರ ನಿದ್ದೆ ಹಾರಿಹೋಯಿತು. "ಯಾ ಅಲ್ಲಾ! ನನ್ ಗಾಡಿಗಾ?"

"ಹೂಂ ಸರ್. ಫ್ರೀ!"

ಆಮೇಲೆ ಬಂದ ಎಂಜಿನಿಯರ್ ಎರಡೂ ಕಾರನ್ನು ಶ್ರದ್ಧೆಯಿಂದ ಓಡಿಸಿ ನೋಡಿದರು. "ಎರಡೂ ಸೇಮ್ ಇದೆ ಸರ್" ಅಂದರು. ಅವರು ಸುಳ್ಳು ಹೇಳಲಿಲ್ಲ. ಎರಡೂ ಸೇಮೇ ಇದ್ದವು. ಜೀವಮಾನವೆಲ್ಲ ಬೇರೆಯವರನ್ನು ಯಾಮಾರಿಸಿದ ನನ್ನನ್ನು ಒಂದು ವಾಟರ್ ವಾಶ್ ಯಾಮಾರಿಸಿತು. ಬೇಕೆಂದೇ ಮಾಡಿದರಾ, ಅಭ್ಯಾಸಬಲದಿಂದ ಮಾಡಿದರಾ? ನನಗೆ ಗೊತ್ತಿಲ್ಲ. ಬೇಕೆಂದು ಮಾಡಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ಅಭ್ಯಾಸಬಲ ಅನ್ನುವುದೇ ಹೆಚ್ಚು ಹೆದರಿಸುತ್ತದೆ.

"ಕನ್ಸ್ಯೂಮರ್ ಕೋರ್ಟಿಗೆ ಹಾಕ್ತೀನಿ ಸಾಹೇಬ್ರೇ" ಅಂದೆ.

"ಹಾಕಿ ಅಣ್ಣಾ, ನಾನೂ ಬರ್ತೀನಿ. ಆದ್ರೆ ಮುಂಚೆ ಹೆಂಗಿತ್ತು ಅಂತ ಏನ್ ತೋರಿಸ್ತೀರಾ? ಕೋತಿನ ಸಾಕ್ಷಿಗೆ ಕರ್ಕೊಂಡ್ ಬರ್ತೀರಾ?"

ನಕ್ಕೆವು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಮತ್ತೆ ಅಕ್ಕನ ಡಯಾಲಿಸಿಸ್ ದಿನ ಬಂತು. ಗುಬ್ಬಿಯ ಮನೆ ಮುಂದೆ ಹಾರ್ನ್ ಮಾಡಿದರೆ ಅಕ್ಕ ಬಾಗಿಲಲ್ಲೇ ನಿಂತು, "ಬಸ್ಸಲ್ಲೇ ಬತ್ತೀನಿ ಬುಡ್ಲಾ" ಅಂದಳು. ಹೊಸ್ತಿಲು ದಾಟಲು ಗೋಡೆ ಹಿಡಿಯುವವಳು! ಗೋಗರೆದು ಕೂರಿಸಿಕೊಂಡೆ. ತುಮಕೂರಿನವರೆಗೂ ಒಂದು ಟ್ರ್ಯಾಕ್ಟರನ್ನೂ ಹಿಂದೆ ಹಾಕಲಿಲ್ಲ. ತಡವಾಗಿ ತಲುಪಿದ್ದಕ್ಕೆ ಅವಳ ಮೆಷಿನ್ ಬೇರೆಯವರಿಗೆ ಹೋಗಿತ್ತು. ಕಾಯಬೇಕಾಯಿತು. ಊದಿದ ಪಾದಗಳನ್ನು ಬೆಂಚಿನ ಮೇಲೆ ಚಾಚಿಕೊಂಡು ಅವಳು ಕೇಳಿದಳು, "ಸಂಜೆ ಹೋಗ್ತಾ ಗಾಡಿ ಸರಿಯಾಗಿ ಹೋಗುತ್ತೇನ್ಲಾ?"

ನಾನು ಎದ್ದು, ಮೆಷಿನ್ ಖಾಲಿಯಾಯಿತಾ ಅಂತ ನರ್ಸನ್ನು ಕೇಳಲು ಹೋದೆ.

ಆರ್‌ಸಿ ನನ್ನ ಹೆಸರಲ್ಲಿದೆ. ಲೈಸೆನ್ಸ್ ನನ್ನದು. ಅಕ್ಕನೂ ನನ್ನವಳೇ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಪೊಲೀಸರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಎಂಜಿನ್‌ಗೆ ಬುದ್ಧಿ ಹೇಳಿಕೊಟ್ಟವರನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ?