ಅಕ್ಕನ ಆಮೆಯನ್ನು ಕದ್ದವನು

ಸೇಡು ಕೆಟ್ಟದ್ದು ಎನ್ನುವವರಿಗೆ ಅದರ ರುಚಿ ಗೊತ್ತಿಲ್ಲ. ನನಗೆ ಗೊತ್ತು. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಒಂದು ಸಭಾಂಗಣದಲ್ಲಿ ಅದನ್ನು ಹೊಟ್ಟೆ ತುಂಬ ಉಂಡಿದ್ದೇನೆ, ಅಜೀರ್ಣವೂ ಆಗಲಿಲ್ಲ.

ನನ್ನ ಅಕ್ಕ ವಿಶಾಖಪಟ್ಟಣದ ತೆಲುಗು ಮನೆಗೆ ಸೊಸೆಯಾಗಿ ಹೋದವಳು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಆಮೇಲೆ ಕಡಲಾಮೆಗಳ ಹುಚ್ಚು ಹಿಡಿಯಿತು. ಅವು ಮೊಟ್ಟೆಯಿಡುವ ಕಾಲ ಬಂತೆಂದರೆ ನಸುಕಿಗೇ ಎದ್ದು ದಡದುದ್ದಕ್ಕೂ ನಡೆಯುತ್ತಾಳೆ. ನಾಯಿಗಳು ಮೂಗು ತೂರಿಸುವ ಮೊದಲೇ ಗೂಡು ಹುಡುಕಿ, ಮೊಟ್ಟೆಗಳನ್ನು ಬುಟ್ಟಿಯಲ್ಲಿ ತಂದು, ಹಳೇ ಬಲೆ ಕಟ್ಟಿದ ಬೇಲಿಯೊಳಗೆ ಹೂಳುತ್ತಾಳೆ. ಮೊದಮೊದಲು ನಕ್ಕಿದ್ದ ಬೆಸ್ತರ ಹೆಂಗಸರು ಈಗ ಗೂಡು ಕಂಡರೆ ತಾವೇ ಬಂದು ಬಾಗಿಲು ಬಡಿಯುತ್ತಾರೆ. ಇಷ್ಟು ವರ್ಷಕ್ಕೆ ಒಬ್ಬರೂ ಅವಳಿಗೆ ಒಂದು ಶಾಲು ಹೊದಿಸಿದ್ದಿಲ್ಲ.

ಒಂದು ದಿನ ಸಿನಿಮಾ ನಿರ್ದೇಶಕನೊಬ್ಬ ಅಕ್ಕನ ಮನೆಗೆ ಬಂದ. ವಿಜಯವಾಡದ ನನ್ನ ಬ್ಯಾಂಕಿಗೆ ರಜೆ ಹಾಕಿ ಆಗ ನಾನೂ ಅಲ್ಲಿಗೆ ಹೋಗಿದ್ದೆ. ವನ್ಯಜೀವಿಗಳನ್ನು ಕಾಪಾಡುವವರ ಬಗ್ಗೆ ಚಿತ್ರ ತೆಗೆಯುತ್ತೇನೆ, ನಿಮ್ಮ ಕಥೆ ಹೇಳಿ ಎಂದ. ಮಾತಿಗೊಮ್ಮೆ "ಅಕ್ಕಾ" ಎನ್ನುತ್ತ, ನಾನು ತಟ್ಟಿದ ಅಕ್ಕಿರೊಟ್ಟಿ ನಾಲ್ಕು ತಿಂದ. ಮೊಬೈಲ್ ಮುಂದಿಟ್ಟು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡ.

ಅಕ್ಕನ ತೆಲುಗು ಚೆನ್ನಾಗಿದೆ. ಆಮೆಗೆ ಅವರ ಹಾಗೆಯೇ ತಾಬೇಲು ಎನ್ನುತ್ತಾಳೆ. ಆದರೆ ಮನಸ್ಸು ತುಂಬಿ ಬಂದಾಗ ಮಾತ್ರ ತವರಿನ ಶಬ್ದ ನುಗ್ಗಿಬಿಡುತ್ತದೆ. ಎಂದೋ ಬಲೆಗೆ ಸಿಕ್ಕು ಎಡಗೈ ಹರಿದುಕೊಂಡಿದ್ದ ಒಂದು ಆಮೆ ಇತ್ತು. ವರ್ಷಗಳ ನಂತರ ಅದೇ ದಡಕ್ಕೆ ಮರಳಿದ್ದನ್ನು ಅವಳು ಗಾಯದ ಗುರುತಿನಿಂದಲೇ ಕಂಡುಹಿಡಿದಿದ್ದಳು. ಅದನ್ನು ಹೇಳುವಾಗ ಅವಳ ಕಣ್ಣು ಒದ್ದೆಯಾಯಿತು, ತಾಬೇಲು ಹೋಗಿ ಬಾಯಿಗೆ ಬರೀ ಆಮೆಯೇ ಬಂತು. "ಆಮೆ ಒಚ್ಚಿಂದಿ. ಏಡ್ಚಿಂದಿ. ತಿರಿಗಿ ಚೂಡಕುಂಡಾ ಸಮುದ್ರಂಲೋಕಿ ವೆಳ್ಳಿಪೋಯಿಂದಿ" ಎಂದಳು. ಆಮೆ ಬಂತು, ಅತ್ತಿತು, ತಿರುಗಿ ನೋಡದೆ ಕಡಲಿಗೆ ಹೋಯಿತು ಅಂತ. ನಿರ್ದೇಶಕ ತಲೆಯಾಡಿಸಿದ. ನಾನು ಕಾಫಿ ಸೋಸುತ್ತಿದ್ದೆ, ಆ ತಲೆಯಾಟಕ್ಕೆ ಹೆಚ್ಚು ಗಮನ ಕೊಡಲಿಲ್ಲ.

ಆಮೇಲೆ ಅವನ ಫೋನೂ ಇಲ್ಲ, ಪತ್ತೆಯೂ ಇಲ್ಲ. ಒಂದು ದಿನ ಸಿನಿಮಾನೇ ಬಂತು. ನಾನು ವಿಜಯವಾಡದಿಂದ ರೈಲು ಹತ್ತಿ ಹೋಗಿ ಅಕ್ಕನ ಜೊತೆ ಕೂತು ನೋಡಿದೆ. ಅವಳು ಬಲೆ ಕಟ್ಟಿದ ಬೇಲಿ, ಅವಳ ಬುಟ್ಟಿ, ನಾಯಿಗಳನ್ನು ಅವಳು ಬೆದರಿಸುವ ರೀತಿ, ಎಲ್ಲ ಹಾಗೇ ಇತ್ತು. ಅವಳು ಮಾತ್ರ ಇರಲಿಲ್ಲ. ಆ ಜಾಗದಲ್ಲಿ ಜೀಪಿನಲ್ಲಿ ಓಡಾಡುವ ಗಡ್ಡದ ಹೀರೋ ಇದ್ದ. ಅವನಿಗೊಬ್ಬ ನಿಗೂಢ ಪ್ರೇಯಸಿ. ಎಡಗೈಯಲ್ಲಿ ಗಾಯದ ಗುರುತಿರುವ ಅವಳು ದಡಕ್ಕೆ ಬರುತ್ತಾಳೆ, ಅಳುತ್ತಾಳೆ, ತಿರುಗಿ ನೋಡದೆ ಕಡಲಿಗೆ ಇಳಿದುಹೋಗುತ್ತಾಳೆ. ಹೀರೋ ಮರಳಿನಲ್ಲಿ ಮಂಡಿಯೂರಿ, "ಆಮೆ ಒಚ್ಚಿಂದಿ. ಏಡ್ಚಿಂದಿ..." ಎಂದು ಗೋಳಾಡುತ್ತಾನೆ.

ನಾನು ಕುರ್ಚಿಯಲ್ಲೇ ಸೆಟೆದು ಕೂತೆ. ತೆಲುಗಿನಲ್ಲಿ ಆಮೆ ಎಂದರೆ ಆಕೆ! ಹೆಂಗಸಿಗೂ ಪ್ರಾಣಿಗೂ ಅವರಲ್ಲಿ ಕ್ರಿಯಾಪದ ಒಂದೇ. ಅಕ್ಕನ ಆಮೆಯನ್ನು ಆ ಪುಣ್ಯಾತ್ಮ ಹೆಂಗಸು ಮಾಡಿ ಸೀರೆ ಉಡಿಸಿಬಿಟ್ಟಿದ್ದ.

ಹೊರಗೆ ಬಂದ ಮೇಲೆ ನಾನು ಕೂಗಾಡಿದೆ. ಅಕ್ಕ ಚಪ್ಪಲಿ ಹುಡುಕುವವಳ ಹಾಗೆ ನೆಲ ನೋಡುತ್ತ ನಡೆದಳು.

"ಹೋಗ್ಲಿ ಬಿಡೇ. ಆಮೆಗಳು ಬದುಕಿದ್ರೆ ಸಾಕು ನಂಗೆ."

ಅವಳಿಗೆ ಸಾಕಿರಬಹುದು, ನನಗೆ ಸಾಕಾಗಲಿಲ್ಲ. ಟಿವಿಯಲ್ಲಿ ಅವನು "ಈ ಕಥೆ ಕಡಲ ದಂಡೆಯಲ್ಲಿ ಒಬ್ಬನೇ ಕೂತಾಗ ನನಗೆ ಹೊಳೆದದ್ದು" ಎಂದಾಗಲೆಲ್ಲ ಪಟಮಟದ ನನ್ನ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ಕಾದೆ. ಸಿನಿಮಾದವರು ಅವನಿಗೆ ವಿಜಯವಾಡದಲ್ಲಿ ಸನ್ಮಾನ ಇಟ್ಟುಕೊಂಡರು. ನಮ್ಮ ಬ್ಯಾಂಕಿಗೆ ಬರುವ ಒನ್ ಟೌನಿನ ಬಟ್ಟೆ ವ್ಯಾಪಾರಿಯನ್ನು ಕಾಡಿ ಬೇಡಿ ಒಂದು ಪಾಸ್ ಗಿಟ್ಟಿಸಿದೆ.

ಹಾರ, ಶಾಲು, ಚಪ್ಪಾಳೆ ಎಲ್ಲ ಮುಗಿದು ಪ್ರಶ್ನೆ ಕೇಳಿ ಎಂದರು. ಮೈಕು ನನ್ನ ಕೈಗೆ ಬಂತು. ತೆಲುಗಿನಲ್ಲೇ, ಬಹಳ ವಿನಯದಿಂದ ಕೇಳಿದೆ.

"ಸಾರ್, ಆ ಹುಡುಗಿ ಯಾರು?"

ಅವನು ಕಣ್ಣು ಅರೆಮುಚ್ಚಿದ. "ನನ್ನ ಕಲ್ಪನೆ, ಮೇಡಂ."

"ಎಡಗೈ ಗಾಯ?"

"ಅದೂ ಕಲ್ಪನೆಯೇ."

"ನಮ್ಮ ಕನ್ನಡದಲ್ಲಿ ಆಮೆ ಅಂದ್ರೆ ತಾಬೇಲು ಸಾರ್. ವಿಶಾಖಪಟ್ಟಣದಲ್ಲಿ ನಮ್ಮಕ್ಕ ನಿಮಗೆ ಹೇಳಿದ್ದು ಬಲೆಗೆ ಸಿಕ್ಕಿದ್ದ ತಾಬೇಲಿನ ವಿಷಯ. ನಾಲ್ಕು ರೊಟ್ಟಿ ತಿಂದು ಕೇಳಿಸ್ಕೊಂಡ್ರಿ, ನಾನೇ ಬಡಿಸಿದ್ದು. ನಿಮ್ಮ ಹೀರೋ ಪೂರ್ತಿ ಸಿನಿಮಾ ಅತ್ತಿದ್ದು ಆ ತಾಬೇಲಿಗೋಸ್ಕರ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣ ನಕ್ಕಿತು, ಶಾಲು ಹೊದಿಸಿದವರೂ ನಕ್ಕರು. ಅವನ ಮುಖ ಇಂಗು ತಿಂದ ಮಂಗನಂತಾಯಿತು. ನಾನು ಕಣ್ಣು ಕೀಳದೆ ನೋಡಿದೆ. ಪಾಪ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಕೂರದೆ ನಿಂತೇ ಇದ್ದೆ. ಅವನು ಬೆವರು ಒರೆಸಿಕೊಂಡು, ಈ ಕಥೆ ವಿಶಾಖಪಟ್ಟಣದ ಒಬ್ಬ ಟೀಚರಮ್ಮನದು, ಹೇಳದೆ ಇದ್ದದ್ದು ನನ್ನ ತಪ್ಪು ಎಂದು ಗೊಣಗಿದ. ಅಷ್ಟರಲ್ಲಿ ನಾನು ಅಕ್ಕನಿಗೆ ಫೋನ್ ಹಚ್ಚಿ ವೇದಿಕೆಯತ್ತ ಎತ್ತಿ ಹಿಡಿದಿದ್ದೆ. ಅವನು ಅವಳ ಹೆಸರನ್ನೂ ಹೇಳಿದ.

ಫೋನನ್ನು ಕಿವಿಗಿಟ್ಟೆ. ಬೈಯುತ್ತಾಳೆ, ಇದೆಲ್ಲ ಯಾಕೆ ಬೇಕಿತ್ತು ಎನ್ನುತ್ತಾಳೆ ಎಂದುಕೊಂಡೆ.

"ಸರಿಯಾಗಿ ಕೇಳಿಸ್ಲಿಲ್ಲ ಕಣೇ," ಎಂದಳು ಅಕ್ಕ. "ಇನ್ನೊಂದ್ಸಲ ಹೇಳ್ಸು. ಜೋರಾಗಿ."