ಹುಡುಗರು ಜೆರ್ಸಿ ತಿರುವಿ ಹಾಕಿದ ವರ್ಷ

ಚಾಯದಂಗಡಿಗೆ ಬಂದವರು ಕೇಳುವ ಮಾತುಗಳು ಎಲ್ಲ ಕಡೆಯೂ ಒಂದೇ. ಕಡಿಯೋದಕ್ಕೆ ಏನಿದೆ, ಬಸ್ಸು ಹೋಯಿತಾ, ಪೇಪರ್ ಎಲ್ಲಿ. ಗಡಿಯಾಚೆ ಮಲಯಾಳ ನಾಡಿನಲ್ಲಿ, ನೂಲ್ಪುಳದ ಕಡೆ ರಸ್ತೆ ತಿರುಗುವ ಜಾಗದಲ್ಲಿ ಅಂಗಡಿ ಹಾಕಿದ ಮೇಲೆ ನಾನು ಕೇಳಿಸಿಕೊಂಡದ್ದೆಲ್ಲ ಇಷ್ಟೇ. ಆ ವರ್ಷ ಮಾತ್ರ ಜನ ಬೆಂಚಿನ ಮೇಲೆ ಕೂರುವ ಮೊದಲೇ ಇನ್ನೊಂದು ಪ್ರಶ್ನೆ ಕೇಳತೊಡಗಿದರು.

"ಪೊಡಿ ಯಾರದ್ದು?"

ಪೊಡಿ ಎಂದರೆ ಚಾಯದ ಪುಡಿ. ಆ ಪ್ರಶ್ನೆಗೆ ಸರಿಯಾದ ಉತ್ತರ ಯಾವುದು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಓದು ಹತ್ತಲಿಲ್ಲ, ಕೆಲಸ ಹತ್ತಿತು. ಮಣ್ಣು ಹೊತ್ತೆ, ಕಾಫಿ ಮೂಟೆ ಹೊತ್ತೆ, ಕೊನೆಗೆ ಚಾಯಕ್ಕೆ ನೀರು ಕಾಯಿಸುವ ಸ್ವಂತ ಸಮೋವರ್ ಇಟ್ಟೆ. ಮೀನಂಗಡಿ ಎಂಬ ಪೇಟೆಯಲ್ಲಿ ಎಷ್ಟೋ ಹೋಟೆಲು ದಾಟಿಕೊಂಡು ಬಂದ ಲಾರಿಯವರು ನನ್ನಲ್ಲಿ ನಿಲ್ಲಿಸುತ್ತಿದ್ದರು. ಅದು ನನ್ನ ಹೆಮ್ಮೆ. ಆದರೆ ಆ ಚಾಯದ ರುಚಿಯಲ್ಲಿ ಅರ್ಧ ಪಾಲು ನಾವೆಲ್ಲ ಮುದಲಾಳಿ ಎಂದು ಕರೆಯುವ, ಪುಡಿಯ ಮಿಲ್ಲಿನ ಯಜಮಾನರದು. ಅವರೂ ನಮ್ಮ ಹಾಗೆಯೇ ಕರ್ನಾಟಕದ ಕಡೆಯಿಂದ ಎಂದೋ ಬಂದು ನೆಲೆಸಿದ ಒಕ್ಕಲು ಮನೆಯವರು. ಪುಡಿಯ ಮಿಲ್ಲು ಸಣ್ಣದಾಗಿದ್ದಾಗ ಒಂದು ದಿನ ಬೆಳಗ್ಗೆ ನನ್ನ ಒಲೆಯ ಮುಂದೆ ಬಂದು ನಿಂತು, ಡಸ್ಟ್ ಎನ್ನುವ ನುಣ್ಣನೆ ಪುಡಿಯನ್ನೂ ದಪ್ಪ ಎಲೆ ಪುಡಿಯನ್ನೂ ಕೈಯಲ್ಲೇ ಬೆರೆಸುತ್ತಾ, ಕುಡಿದು ಉಗುಳುತ್ತಾ, ಮತ್ತೆ ಬೆರೆಸುತ್ತಾ, ಬಣ್ಣವೂ ಪರಿಮಳವೂ ಕೂಡಿ ಬರುವ ತನಕ ಬಿಡಲಿಲ್ಲ. ಅಲ್ಲಿಂದ ಮುಂದೆ ನನ್ನ ಮಿಶ್ರಣವೇ ಬೇರೆಯಾಗಿ ಬಿಳಿ ಚೀಲದಲ್ಲಿ ಬರುತ್ತಿತ್ತು. ಅಂಗಡಿಯ ಮೇಲಿನ ಬೋರ್ಡು ಕೂಡ ಅವರು ಕೊಟ್ಟದ್ದೇ. ಒಂದು ಬದಿ ನನ್ನ ಅಂಗಡಿಯ ಹೆಸರು, ಇನ್ನೊಂದು ಬದಿ ಅವರ ಪುಡಿಯ ಹೆಸರು.

ಗದ್ದೆ ಕೊಯ್ಲಾದ ಮೇಲೆ ನಮ್ಮಲ್ಲಿ ಅದೇ ಗದ್ದೆಯಲ್ಲಿ ಸೆವೆನ್ಸ್ ಫುಟ್ಬಾಲ್ ಶುರುವಾಗುತ್ತದೆ. ಒಂದು ಕಡೆಗೆ ಏಳೇ ಜನ ಆಡುವ ಆಟ. ನಮ್ಮ ಊರಿನ ತಂಡಕ್ಕೆ ಜೆರ್ಸಿ, ಬೂಟು, ಊಟ ಎಲ್ಲ ಮುದಲಾಳಿಯದು. ಎದೆಯ ಮೇಲೆ ಅವರ ಪುಡಿಯ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಗೋಲು ಕಾಯುವ ಗೋಲಿ ನಮ್ಮ ಪಕ್ಕದ ಆದಿವಾಸಿ ಹಾಡಿಯ ಹುಡುಗ, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ವಾಚರ್ ಕೆಲಸ. ಮುಂದೆ ಆಡಲು ಆ ಸೀಸನ್ನಿಗೆ ಆಫ್ರಿಕಾದ ಒಬ್ಬ ಆಟಗಾರನನ್ನು ಕರೆಸಿದ್ದರು. ಚಾಯಕ್ಕೆ ಸಕ್ಕರೆ ಎಷ್ಟು ಹಾಕಿದರೂ ಸಾಲದು ಅವನಿಗೆ. ನನ್ನ ಹೆಂಡತಿ ಡಬ್ಬಿಯನ್ನೇ ಅವನ ಮುಂದೆ ಇಟ್ಟುಬಿಡುತ್ತಿದ್ದಳು.

ಸೆಮಿಫೈನಲ್ಲಿನ ದಿನ ನಾನು ಗ್ಯಾಲರಿಯ ಕೆಳಗೆ ಚಾಯ ಮಾರುತ್ತಿದ್ದೆ. ಆಫ್ರಿಕಾದವನ ಕಾಲಿಗೆ ಚೆಂಡು ಬಂದಾಗಲೆಲ್ಲ ಎದುರಿನ ಬದಿಯಿಂದ ಮಂಗನ ಹಾಗೆ ಕೂಗು ಏಳುತ್ತಿತ್ತು. ಗೋಲಿಯನ್ನು ನೋಡಿ, "ಏ ಕಾಡಾ, ಮರ ಹತ್ತೋ!" ಎಂದರು. ಆಟ ಅಂದಮೇಲೆ ಕೂಗಾಟ ಇದ್ದದ್ದೇ ಎಂದುಕೊಂಡು ನಾನು ಗ್ಲಾಸು ತೊಳೆಯುತ್ತಿದ್ದೆ. ಅಷ್ಟರಲ್ಲಿ ಓಡುತ್ತಿದ್ದ ಆಫ್ರಿಕಾದವನು ನಿಂತ. ಚೆಂಡನ್ನು ಕೈಗೆ ಎತ್ತಿಕೊಂಡು ರೆಫರಿಯ ಹತ್ತಿರ ಹೋಗಿ ಆ ಬದಿಗೆ ಬೆರಳು ತೋರಿಸಿದ. ರೆಫರಿ ಸೀಟಿ ಊದಿದ. ಕೂಗಿದವರಿಗಲ್ಲ. ಹ್ಯಾಂಡ್‌ಬಾಲ್ ಎಂದು ಅವನಿಗೇ ಫೌಲ್ ಕೊಟ್ಟ. ಗ್ಯಾಲರಿಗೆ ಗ್ಯಾಲರಿಯೇ ನಕ್ಕಿತು. ನನಗೂ ನಗು ಬಂತು, ಮತ್ತೆ ಯಾಕೋ ಬಾಯಿ ಮುಚ್ಚಿಕೊಂಡೆ.

ಹೇಗೋ ನಮ್ಮವರು ಗೆದ್ದು ಫೈನಲ್ಲಿಗೆ ಬಂದರು. ಆ ಕೂಗನ್ನು ಪ್ರತಿಭಟಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಆಡುತ್ತೇವೆ ಎಂದರೆ ಆಟ ನಡೆಸುವ ಕಮಿಟಿಯವರು ಬಿಡಲಿಲ್ಲ. ಅದಕ್ಕೆ ಏಳೂ ಜನ ಜೆರ್ಸಿಯನ್ನು ತಿರುವಿ, ಒಳಭಾಗ ಹೊರಗೆ ಮಾಡಿ ಹಾಕಿಕೊಂಡು ಇಳಿದರು. ಹೊಲಿಗೆ, ನೂಲಿನ ಎಳೆ ಎಲ್ಲ ಹೊರಗೆ ಕಾಣುತ್ತಿತ್ತು. ಅತಿಥಿಗಳ ಕುರ್ಚಿಯಲ್ಲಿ ಕೂತಿದ್ದ ಮುದಲಾಳಿಗೆ ಕಂಡದ್ದು ಒಂದೇ: ತಮ್ಮ ಹೆಸರು ಮಾಯವಾಗಿತ್ತು.

ಆ ಆಟ ಸೋತರು. ಬಹುಮಾನ ಕೊಡುವಾಗ ಮುದಲಾಳಿ ಮೈಕು ಹಿಡಿದು ಮಲಯಾಳದಲ್ಲಿ ಮಾತಾಡಿದರು. ಆಡಲು ಬಂದವರು ಆಡಬೇಕು, ನಾಟಕ ಆಡಬಾರದು. ಬಣ್ಣ ಅಂದರು, ಕಾಡು ಅಂದರು ಎಂದು ಅಳುವವರು ಗದ್ದೆಗೆ ಇಳಿಯಬಾರದು. ಹಾಕಿಸಿಕೊಟ್ಟ ಅಂಗಿಗೆ ಮರ್ಯಾದೆ ಕೊಡಲು ತಿಳಿಯದವರಿಗೆ ಇನ್ನು ಮೇಲೆ ಬೂಟು ಯಾಕೆ. ಕೆಲವರು ಚಪ್ಪಾಳೆ ಹೊಡೆದರು. ಯಾರದೋ ಫೋನು ಅದನ್ನು ಹಿಡಿದುಕೊಂಡಿತ್ತು.

ಆಮೇಲೆ ಆದದ್ದು ನನ್ನ ತಲೆಗೆ ಮೀರಿದ್ದು. ವೀಡಿಯೊ ಎಲ್ಲ ಫೋನುಗಳಿಗೂ ಹೋಯಿತು. ಮೀನಂಗಡಿಯ ಅಂಗಡಿಗಳಲ್ಲಿ ಮುದಲಾಳಿಯ ಪೊಟ್ಟಣಗಳನ್ನು ಯಾರೋ ಸಾಲಾಗಿ ಹಿಂದುಮುಂದು ಮಾಡಿ ಇಟ್ಟು ಹೋಗತೊಡಗಿದರು, ಹೆಸರು ಗೋಡೆಗೆ, ಬೆನ್ನು ಗಿರಾಕಿಗೆ. ಅಂಗಡಿಯವನು ತಿರುಗಿಸಿ ಇಟ್ಟರೆ ಮತ್ತೆ ಇನ್ಯಾರೋ ತಿರುಗಿಸುವರು. ಮದುವೆ ಮನೆಗಳವರು ಬೇರೆ ಪುಡಿ ತರಿಸಿದರು. ಆ ಹುಡುಗರ ಮುಖವನ್ನೂ ನೋಡಿರದ ಜನ ಇವರೆಲ್ಲ.

ನನ್ನ ಅಂಗಡಿಯಲ್ಲಿ ಅದು ಗೋಲಿಯ ಅವ್ವನಿಂದ ಶುರುವಾಯಿತು. ಕಾಫಿ ಕೊಯ್ಯಲು ಹೋಗುವ ಮೊದಲು ನನ್ನ ಮೊದಲ ಚಾಯ ಕುಡಿಯುವವಳು ಅವಳೇ. ಅವತ್ತು ನಿಲ್ಲದೆ ಹೊರಟಳು.

"ಏನವ್ವಾ, ಚಾಯ ಬ್ಯಾಡ್ವಾ?"

"ಪೊಡಿ ಯಾರದ್ದು?"

"ನಿಂಗೆ ಗೊತ್ತಲ್ಲ."

"ಹಂಗಾರೆ ಬ್ಯಾಡ ಮಗ. ಗಂಟಲಲ್ಲಿ ಇಳಿಯಕ್ಕಿಲ್ಲ."

ಬಿಳಿ ಚೀಲದ ಮೇಲೆ ಹೆಸರಿಲ್ಲ. ಬೇರೆಯವರದು ಎಂದು ಹೇಳಿದ್ದರೆ ಕೇಳುವವರು ಯಾರು? ಆದರೆ ಚಾಯದ ವಿಷಯದಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ದಿನ ಹೋದಂತೆ ಹಾಡಿಯವರೆಲ್ಲ ಬೆಂಚು ಬಿಟ್ಟು ರಸ್ತೆಯ ಆಚೆ ಬದಿಯಲ್ಲೇ ನಡೆದು ಹೋಗತೊಡಗಿದರು. ನನಗೆ ಸಿಟ್ಟು ಬಂತು. ನಾನು ಯಾರನ್ನು ಮಂಗ ಎಂದೆ? ನಾನು ಯಾವ ಮೈಕು ಹಿಡಿದೆ?

ನನ್ನ ಬುದ್ಧಿಗೆ ಹೊಳೆದದ್ದು ಬೋರ್ಡು ಇಳಿಸುವುದು. ಇಳಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಅಲ್ಲಾ, ಅವ್ರು ಕುಡಿಯಾದು ಬೋರ್ಡ್ನಾ, ಚಾಯನಾ?"

"ಸುಮ್ಕಿರು. ನಿಂಗೆ ಯಾಪಾರ ತಿಳಿಯಕ್ಕಿಲ್ಲ."

"ನಿಮಗೆ ತಿಳಿದದ್ದು ಕಾಣ್ತಾ ಅದಲ್ಲ, ನೆಲದ ಮ್ಯಾಲೆ ಮಲಗ್ಯದೆ."

ಅವಳು ಹೇಳಿದ ಹಾಗೇ ಆಯಿತು. ಹಾಡಿಯವರು ಬರಲಿಲ್ಲ. ಅಷ್ಟರ ಮೇಲೆ, ಮುದಲಾಳಿ ಹೇಳಿದ್ದೇ ಸರಿ ಎನ್ನುತ್ತಿದ್ದ ಒಬ್ಬ ಲಾರಿ ಡ್ರೈವರು ಗಾಡಿ ನಿಲ್ಲಿಸಿ, "ಕೈಹಿಡಿದು ಮೇಲೆ ತಂದವರ ಹೆಸರು ಕಿತ್ತು ಎಸೆದೆಯಲ್ಲ, ನಿನ್ನ ಚಾಯ ನನಗೂ ಬೇಡ" ಎಂದು ಹೋದ. ಒಂದೇ ಬೋರ್ಡಿನಿಂದ ಎರಡೂ ಕಡೆಯವರನ್ನು ಕಳೆದುಕೊಂಡೆ.

ಗೋಲಿ ಹುಡುಗನನ್ನು ದಾರಿಯಲ್ಲೇ ಅಡ್ಡ ಹಾಕಿದೆ.

"ಏನ್ಲಾ, ಜೆರ್ಸಿ ಯಾಕೆ ತಿರುವಿ ಹಾಕಿದ್ರಿ? ಅನ್ನ ಹಾಕಿದವರಿಗೆ ಅವಮಾನ ಅಲ್ವಾ?"

"ಅಣ್ಣಾ, ದ್ಯಾವರಾಣೆ ಅವ್ರ ಹೆಸರು ನೆಪ್ಪೇ ಇರ್ಲಿಲ್ಲ. ಒಳಗೆ ನೋಡಿದ್ರೆ ಎಲ್ಲಾರ ಅಂಗಿನೂ ಒಂದೇಯ ಅಂತ ತೋರ್ಸಕೆ ಹಾಕಿದ್ದು."

"ಅದನ್ನ ಅವ್ರಿಗೆ ಹೋಗಿ ಹೇಳಬಾರ್ದಾ?"

"ಮಂಗ ಅಂದೋರು ಬಂದು ನಮಗೆ ಏನಾರ ಹೇಳಿದ್ರಾ? ನಾವೇ ಯಾಕೆ ಎಲ್ಲಾರ್ಗೂ ಹೇಳ್ಕೊಂಡು ತಿರುಗಬೇಕು?"

ಹಾಗಾದರೆ ಮುದಲಾಳಿ ಸಿಟ್ಟಾದದ್ದು ನಡೆಯದ ಅವಮಾನಕ್ಕೆ. ಇವನು ಸಿಟ್ಟಾದದ್ದು ನನ್ನ ಕಣ್ಣೆದುರೇ ನಡೆದದ್ದಕ್ಕೆ. ಅಷ್ಟು ತಿಳಿಯಿತು. ಆದರೆ ನಡುವೆ ನನ್ನ ಚಾಯ ಯಾಕೆ ಆರಿ ಕೂತಿದೆ ಎಂಬುದು ತಿಳಿಯಲಿಲ್ಲ.

ಕೊನೆಗೆ ಪುಡಿ ಬಿಡುವುದೆಂದು ತೀರ್ಮಾನಿಸಿದೆ. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ, ಮಿಲ್ಲಿಗೇ ಹೋದೆ. ಯಂತ್ರ ನಿಂತಿತ್ತು. ಮುದಲಾಳಿ ಒಬ್ಬರೇ ಕೂತು ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸುತ್ತಿದ್ದರು. ಹೇಳಿದೆ. ಹುಡುಗನ ಮಾತನ್ನೂ ಹೇಳಿದೆ.

"ನಿನಗೂ ನಾನು ಕೆಟ್ಟವನಾದೆನೇನಪ್ಪಾ?" ಎಂದರು.

"ಅಯ್ಯೋ, ಹಂಗಲ್ಲ."

"ಮತ್ತೆ ಹೆಂಗೆ? ಬರಿಗಾಲಲ್ಲಿ ಆಡ್ತಿದ್ದೋರಿಗೆ ಬೂಟು ಹಾಕಿಸಿದೋನು ನಾನು. ಕೂಗಿದೋನು ನಾನಲ್ಲ. ಜನ ಕೂಗಿದೋರ ಅಂಗಡಿ ಬಿಟ್ಟು ನನ್ನದ್ಯಾಕೆ ಮುಚ್ಚಿಸ್ತಾರೆ?"

ಅಂಗಡಿಯ ಮುಂದೆ ನಿಂತು ನಾನು ಕೇಳಿಕೊಂಡ ಪ್ರಶ್ನೆಯೇ ಇದು. ಅವರ ಬಾಯಲ್ಲಿ ಕೇಳಿದಾಗ ಮಾತ್ರ ಏನೋ ಒಂದು ಕಡಿಮೆ ಇದೆ ಎನ್ನಿಸಿತು. ಏನೆಂದು ಹಿಡಿದು ಹೇಳಲು ಬರಲಿಲ್ಲ. "ಮೈಕಲ್ಲಿ ಆ ಮಾತು ಬ್ಯಾಡಾಗಿತ್ತು" ಎಂದಷ್ಟೇ ಹೇಳಿದೆ. ಅವರು ಇನ್ನೊಂದು ಹಿಡಿ ಪುಡಿ ಅಂಗೈಗೆ ಸುರಿದುಕೊಂಡರು.

ಹೊಸ ಪುಡಿ ತಂದೆ. ಬೋರ್ಡಿಲ್ಲದ ಅಂಗಡಿಯಲ್ಲಿ, ಕೇಳಿದವರಿಗೆ ಬೇರೆ ಹೆಸರು ಅಚ್ಚಾದ ಚೀಲವನ್ನೇ ತೋರಿಸಿದೆ. ಹಾಡಿಯವರು ಒಬ್ಬೊಬ್ಬರಾಗಿ ಬಂದರು. ಆದರೆ ಚಾಯ ಕೆಟ್ಟಿತು. ಬಣ್ಣ ಬಂದರೆ ಖಡಕ್ಕಿಲ್ಲ, ಪುಡಿ ಹೆಚ್ಚು ಮಾಡಿದರೆ ಒಗರು. ಗೋಲಿಯ ಅವ್ವ ಒಂದು ಗುಟುಕು ಕುಡಿದು, "ಪರವಾಗಿಲ್ಲ ಮಗ, ಕಷಾಯ ಅಂತ ಕುಡಿತೀವಿ" ಎಂದಳು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೊಡೆದಿರಲಿಲ್ಲ. ಸಮೋವರಿನ ಮುಂದೆ ನಿಲ್ಲಲು ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಮುದಲಾಳಿಯ ಜೀಪು ಬಂದು ನಿಂತಿತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಬೆಂಚಿನ ಮೇಲೆ ಕೂತು ಚಾಯ ಕೇಳಿದರು. ಕೊಟ್ಟೆ. ಜಗಳಕ್ಕೆ ಬಂದರೋ, ರಾಜಿಗೆ ಬಂದರೋ ಎಂದು ಮುಖ ನೋಡುತ್ತಾ ನಿಂತೆ. ಬಾಯಲ್ಲಿ ಸುತ್ತಾಡಿಸಿ ನುಂಗಿದರು.

"ಇದು ದಪ್ಪ ಎಲೆ ಕಣಯ್ಯಾ. ನನ್ನ ಡಸ್ಟ್ ಥರ ನೀರು ಹುಯ್ದ ತಕ್ಷಣ ಸೋಸೋ ಚೀಲ ಎತ್ತಿದ್ರೆ ಏನು ಬಿಡ್ತದೆ? ಡಿಕಾಕ್ಷನ್ನಲ್ಲೇ ಮುಳುಗಿರ್ಲಿ. ಪಾತ್ರೆಗೆ ಮುಚ್ಚಳ ಹಾಕು."

ಎದ್ದು ಬಂದು ಸೋಸುವ ಚೀಲವನ್ನು ತಾವೇ ಹಿಡಿದು ತೋರಿಸಿದರು. ಹುಡುಗರ ಬಗ್ಗೆ ಒಂದು ಮಾತಿಲ್ಲ, ಮೈಕಿನ ಬಗ್ಗೆ ಒಂದು ಮಾತಿಲ್ಲ. ಗ್ಲಾಸು ಖಾಲಿ ಮಾಡಿ ಜೀಪು ಹತ್ತಿದರು. ನನ್ನನ್ನು ಕ್ಷಮಿಸಿದರೋ, ತಮ್ಮನ್ನು ಕ್ಷಮಿಸು ಎಂದರೋ, ಕೆಟ್ಟ ಚಾಯ ಕುಡಿದು ಸುಮ್ಮನಿರಲಾರದೆ ಹೇಳಿದರೋ.

ಮಾರನೆಯ ದಿನ ಹಾಗೇ ಮಾಡಿದೆ. ಗೋಲಿ ಹುಡುಗ ಒಂದು ಗುಟುಕು ಕುಡಿದವನೇ ಗ್ಲಾಸು ಕೆಳಗಿಟ್ಟ.

"ಅಣ್ಣಾ, ಹಳೇ ಪೊಡಿ ಮತ್ತೆ ತಂದ್ರಾ?"

"ಇಲ್ಲ ಕಣಾ. ಚೀಲ ಅಲ್ಲೇ ಅದೆ, ನೋಡ್ಕೊ."

ಹೋಗಿ ನೋಡಿಕೊಂಡು ಬಂದ. "ಮತ್ತೆ ಚಾಯ ಹೆಂಗೆ ಹಿಂಗಾಯ್ತು?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದಳು.

"ಮುದಲಾಳಿ ಬಂದಿದ್ರು. ಹೇಳ್ಕೊಟ್ರು."

ಹುಡುಗ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ.

"ಪೊಡಿ ಬೇರೆಯವರದ್ದು, ಬುದ್ಧಿ ಅವರದ್ದು. ಈಗ ಇದನ್ನ ಕುಡಿಬಹುದಾ, ಬ್ಯಾಡ್ವಾ? ನೀವೇ ಹೇಳಣ್ಣ."

"ನಂಗೂ ತಿಳಿತಾ ಇಲ್ಲ ಕಣಪ್ಪಾ" ಎಂದೆ. "ಆರಿ ಹೋಯ್ತದೆ, ಕುಡಿ."