ಭಾವನವರ ಎದುರಿನ ಕುರ್ಚಿ

ಹೊಸಕೋಟೆಯ ಹತ್ತಿರದ ನಮ್ಮೂರಿನಲ್ಲಿ ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದಾಗ ದೊಡ್ಡಪ್ಪ ಹೆಚ್ಚು ಯೋಚಿಸಲಿಲ್ಲ. ಹಿಂದೆ ಮಂಡಲ ಪಂಚಾಯಿತಿ ಇದ್ದಾಗ ಪ್ರಧಾನರಾಗಿದ್ದವರು ಅವರೇ. ತಮ್ಮನ ಹೆಂಡತಿ, ಅಂದರೆ ನನ್ನ ಅಮ್ಮ, ಕುರ್ಚಿಯಲ್ಲಿರಲಿ, ತಾವು ಸದಸ್ಯರಾಗಿ ಪಕ್ಕದಲ್ಲಿದ್ದರಾಯಿತು ಎಂದುಕೊಂಡರು. "ಅಣ್ಣ ಹೇಳಿದ್ಮೇಲೆ ಮುಗೀತು," ಎಂದರು ಅಪ್ಪ. ಅಮ್ಮನನ್ನು ಯಾರೂ ಕೇಳಲಿಲ್ಲ.

ಅಮ್ಮ ಅಧ್ಯಕ್ಷೆಯಾದ ಮೇಲಿನ ಮೊದಲ ಸಭೆಗೆ ಬಂದದ್ದು ಕೊಳವೆಬಾವಿಯ ವಿಷಯ. ಮಂಜೂರಾಗಿದ್ದುದು ಒಂದೇ. ನಮ್ಮ ಬೀದಿಯಲ್ಲೇ ಕೊರೆಸಬೇಕೆಂದು ದೊಡ್ಡಪ್ಪ ಹೇಳಿಯಾಗಿತ್ತು. ಊರಾಚೆಯ ದಲಿತರ ಕಾಲೋನಿಯ ಹೆಂಗಸರು ಆಗ ಬಿಂದಿಗೆ ಹಿಡಿದು ದೊಡ್ಡಪ್ಪನ ತೋಟದ ಪಂಪ್‌ಸೆಟ್ಟಿನ ಬಳಿ ಕಾಯುತ್ತಿದ್ದರು. ಅವರು ಬಿಟ್ಟರೆ ಮಾತ್ರ ನೀರು. ಚುನಾವಣೆಯಲ್ಲಿ ಯಾರಾದರೂ ಅವರ ಎದುರು ನಿಂತರೆ ಆ ಮೋಟಾರು ತಾನಾಗಿ ಕೆಡುತ್ತಿತ್ತು. ಸಭೆಯ ಹಿಂದಿನ ದಿನ ಅಮ್ಮ ಹಿತ್ತಲಲ್ಲಿ ಕಾಲೋನಿಯ ಸದಸ್ಯೆಗೆ, "ನಿಮ್ ಕಡೆಗೇ ಹಾಕಿಸ್ತೀನಿ," ಎಂದದ್ದು ನನ್ನ ಕಿವಿಗೆ ಬಿತ್ತು.

ಎಂ.ಎ. ಮುಗಿಸಿ ಮನೆಯಲ್ಲಿದ್ದ ನಾನು ಕಾಗದಪತ್ರ ಓದಿ ಹೇಳಲು ಜೊತೆಗೆ ಹೋಗಿ ಬಾಗಿಲ ಬಳಿ ನಿಂತೆ. ಅಮ್ಮ ತಲೆಯ ಮೇಲೆ ಸೆರಗು ಹೊದ್ದು ಅಧ್ಯಕ್ಷರ ಕುರ್ಚಿಯ ಪಕ್ಕ ನಿಂತುಬಿಟ್ಟಳು. ಅದನ್ನು ಕಂಡು ಸದಸ್ಯರು ಒಬ್ಬೊಬ್ಬರಾಗಿ ಎದ್ದರು. ಕೂತಿದ್ದವರು ದೊಡ್ಡಪ್ಪ ಮಾತ್ರ.

"ಕೂತ್ಕೊಳ್ಳಿ ಅಮ್ಮೋರೆ, ಶುರು ಮಾಡ್ಬೇಕು," ಎಂದರು ಕಾರ್ಯದರ್ಶಿ.

"ಭಾವನೋರು ಇದಾರಲ್ಲ, ಹೆಂಗ್ ಕೂತ್ಕೊಳ್ಳಲಿ?"

ನಮ್ಮಲ್ಲಿ ಸೊಸೆ ಗಂಡನ ಅಣ್ಣನ ಎದುರು ಕೂರುವುದಿಲ್ಲ. ಅವರಿಬ್ಬರೂ ನೇರವಾಗಿ ಮಾತನಾಡುವುದೂ ಇಲ್ಲ. ಲೆಕ್ಕಾಚಾರದಲ್ಲಿ ದೊಡ್ಡಪ್ಪ ಮರೆತದ್ದು ಇದನ್ನೇ. ಅವರು ನನ್ನ ಕಡೆ ತಿರುಗಿದರು. "ನಿಮ್ಮಮ್ಮಂಗೆ ಹೇಳವ್ವ, ಇದು ಆಫೀಸು, ಮನೆಯಲ್ಲ ಅಂತ."

ಅಮ್ಮ ಅಲುಗಲಿಲ್ಲ.

"ಗೌಡ್ರೇ, ನೀವೊಂದ್ ಗಳಿಗೆ ಆಚೆ ಹೋದ್ರೆ ಎಲ್ರೂ ಕೂತ್ಕೊಂತೀವಿ," ಎಂದಳು ಕಾಲೋನಿಯ ಸದಸ್ಯೆ. "ಡೈರಿ ಮುಂದೆ ಹಾಲ್ ಹಾಕಕ್ಕೆ ನಿಂತಂಗೆ ನಿಂತಿದೀವಲ್ಲ!"

ಹಿಂದೆ ಯಾರೋ ನಕ್ಕರು. ದೊಡ್ಡಪ್ಪನ ಕುತ್ತಿಗೆ ಕೆಂಪಾಯಿತು. ನನ್ನೆದುರು ಕೂತುಕೋ ಎಂದು ತಮ್ಮ ಬಾಯಿಂದಲೇ ಹೇಳಿದರೆ ನಾಳೆ ಊರ ಸೊಸೆಯರೆಲ್ಲ ಕೂರುತ್ತಾರೆ. ಹೇಳದಿದ್ದರೆ ಸಭೆ ನಡೆಯದು. "ನಮ್ ಬೀದಿ ಅಂತ ಬರ್ಕೊಳ್ರಿ," ಎಂದು ಕಾರ್ಯದರ್ಶಿಗೆ ಹೇಳಿ ಜಗಲಿಗೆ ಹೋದರು.

ಅಮ್ಮ ಕೂತಳು. "ಕಾಲೋನಿ ಅಂತ ಬರ್ಕೊಳ್ಳಿ."

ಕಾರ್ಯದರ್ಶಿ ಜಗಲಿಯ ಕಡೆಯ ಕಿಟಕಿಯತ್ತ ನೋಡಿದರು.

"ಅಲ್ಲೇನ್ ನೋಡ್ತೀರಾ? ಒಪ್ಪೋರು ಕೈ ಎತ್ರಿ."

ಮೊದಲು ಕಾಲೋನಿಯ ಸದಸ್ಯೆಯ ಕೈ ಮೇಲೆದ್ದಿತು. ನಂತರ ತಡೆತಡೆದು ಮಿಕ್ಕವರ ಕೈಗಳು ಬಂದವು, ಸಾಕಾಗುವಷ್ಟು.

ಮನೆಗೆ ಬರುವಾಗ ಕೇಳಿದೆ, "ಬೇಕಂತ್ಲೇ ನಿಂತ್ಯೇನಮ್ಮ?"

"ಇಲ್ಲ ಕಣೆ. ಮೊಣಕಾಲೇ ಬಗ್ಗಲಿಲ್ಲ."

ಮುಂದಿನ ಸಭೆಗೆ ದೊಡ್ಡಪ್ಪ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಏಳುವವರ ಹಾಗೆ ಕಾಣಲಿಲ್ಲ. ಅಮ್ಮ ನಿಂತಳು. ಎಲ್ಲರೂ ಎದ್ದರು. ಈ ಸಲ ಯಾರೂ ನಗಲಿಲ್ಲ.

"ಹೋದ್ಸಲದ ತೀರ್ಮಾನ ಹೊಡೆದ್ಹಾಕು ಅಂತ ಹೇಳವ್ವ ನಿಮ್ಮಮ್ಮಂಗೆ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕಾರ್ಯದರ್ಶಿಗೆ ಹೇಳಿದಳು: "ಬೋರ್ ಲಾರಿ ನಾಳೆ ಕಾಲೋನಿಗೆ ಬರುತ್ತೆ. ಮುಂದಿನ ವಿಷಯ ಓದಿ. ನಾನು ನಿಂತೇ ಕೇಳ್ತೀನಿ."

ಆಮೇಲೆ ಕಾಲೋನಿಯ ಸದಸ್ಯೆಯನ್ನು ನೋಡಿದಳು. "ನೀನ್ಯಾಕೆ ನಿಂತಿದ್ದೀಯೆ? ನಿನಗೇನ್ ಅವ್ರು ಭಾವನಾ? ಕೂತ್ಕೊ."

ಆಕೆ ಒಂದು ಕ್ಷಣ ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ದೊಡ್ಡಪ್ಪನ ಎದುರಿನ ಬೆಂಚಿನ ಮೇಲೆ ಕೂತಳು.